ಹಿಂದಕ್ಕೆ ಸರಿದ ಸೀಟು

ಬಣಕಲ್
11-6-2025

ಅಪ್ಪನಿಗೆ ನಮಸ್ಕಾರಗಳು.

ಅಮ್ಮ ಚೆನ್ನಾಗಿದ್ದಾರೆ. ಮಳೆ ಹಿಡಿದಿದೆ. ಕೊಟ್ಟಿಗೆಹಾರದ ಕಡೆ ಮರ ಬಿದ್ದು ಎರಡು ದಿನದಿಂದ ಬಸ್ಸಿಲ್ಲ. ಶೆಡ್ಡಿನಲ್ಲಿ ಕೆಲಸಕ್ಕೇನೂ ಬರವಿಲ್ಲ. ಮಳೆಗಾಲದಲ್ಲಿ ವೈರಿಂಗ್ ಕೆಡದ ಗಾಡಿ ಈ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ ಎಂದು ನೀವೇ ಹೇಳುತ್ತಿದ್ದಿರಲ್ಲ.

ಬರೆಯುವ ಕಾರಣ ಬೇರೆ. ನಿನ್ನೆ ಆಲ್ದೂರಿನ ಪರಮೇಶ್ವರಪ್ಪನವರ ಬಿಳಿ ಕಾರು ನಮ್ಮ ಶೆಡ್ಡಿಗೆ ಬಂತು. ಅದೇ ಕಾರು. ಒಂದೂವರೆ ವರ್ಷ ಠಾಣೆಯ ಅಂಗಳದಲ್ಲಿ ನಿಂತು, ಈಗ ಕಾಗದಪತ್ರ ಸರಿಹೋಗಿ ಅವರ ಕೈಗೆ ಸಿಕ್ಕಿದೆ. ಡ್ರೈವರ್ ಕಡೆಯ ಗಾಜು ಒಡೆದಿದ್ದರಿಂದ ಇಡೀ ಒಂದು ಮಳೆಗಾಲದ ನೀರು ಒಳಗೇ ಇಳಿದಿದೆ. ಎಂಜಿನ್ನು, ಬ್ರೇಕು ಎಲ್ಲ ಮೂಡಿಗೆರೆಯಲ್ಲಿ ಮಾಡಿಸಿದ್ದಾರಂತೆ. ಉಳಿದದ್ದು ಡ್ರೈವರ್ ಸೀಟು. ಅದು ಹಿಂದಿನ ತುದಿಯಲ್ಲಿ ನಿಂತುಬಿಟ್ಟಿದೆ, ಸ್ವಿಚ್ ಒತ್ತಿದರೆ ಕೊಸರುವುದೂ ಇಲ್ಲ. ಪರಮೇಶ್ವರಪ್ಪನವರು ನನ್ನಷ್ಟೇ ಗಿಡ್ಡ. "ಕ್ಲಚ್ಚಿಗೆ ಕಾಲೇ ಎಟುಕಲ್ಲ ಮಾರಾಯ್ತಿ, ಬೆನ್ನಿಗೆ ಎರಡು ದಿಂಬಿಟ್ಕೊಂಡು ಬಂದೆ" ಎಂದರು.

ಬೇರೆ ಕಡೆ ತೋರಿಸಬಹುದಿತ್ತಲ್ಲ ಎಂದೆ. "ಬೇರೆಯವರಿಗೆ ಕೊಟ್ರೆ ಕಥೆಯೆಲ್ಲ ಮೊದಲಿಂದ ಹೇಳ್ಬೇಕು. ನಿಮಗಾದ್ರೆ ಗೊತ್ತೇ ಇದೆ. ಕೊನೇಲಿ ಆ ಸೀಟು ಬಿಚ್ಚಿದ್ದು ನಿಮ್ಮಪ್ಪನೇ ಅಲ್ವಾ?" ಎಂದರು. ಕೀ ತೆಗೆದುಕೊಂಡೆ.

ನಿಮಗೆ ಫೋನಿನಲ್ಲಿ ಕೊಡುವ ಐದು ನಿಮಿಷದಲ್ಲಿ ನಾಲ್ಕು ನಿಮಿಷ ಅಮ್ಮ ಅಳುತ್ತಾರೆ. ಅದಕ್ಕೇ ಕಾಗದ. ಅಲ್ಲಿ ಒಡೆದು ಓದಿಯೇ ನಿಮ್ಮ ಕೈಗೆ ಕೊಡುತ್ತಾರೆಂದು ಗೊತ್ತು. ಸೀಟಿನ ವಿಷಯ ತಾನೆ, ಓದಲಿ. ಎಲ್ಲಿಂದ ಶುರು ಮಾಡಲಿ, ಹೇಳಿ.

ನಿಮ್ಮ ಮಗಳು,
ಧನ್ಯಶ್ರೀ


ಜಿಲ್ಲಾ ಕಾರಾಗೃಹ, ಚಿಕ್ಕಮಗಳೂರು
19-6-2025

ಚಿ. ಧನ್ಯಶ್ರೀಗೆ ಆಶೀರ್ವಾದ.

ಆ ಕಾರನ್ನು ಯಾಕೆ ಒಳಗೆ ಬಿಟ್ಟುಕೊಂಡೆ? ವಾಪಸ್ ಕಳಿಸು. ಹಾಸನಕ್ಕೆ ಹೋದರೆ ಕಂಪನಿಯವರೇ ನೋಡುತ್ತಾರೆ.

ಅವರು ಕೇಳುವುದೇ ಇಲ್ಲ ಎಂದರೆ ಇಷ್ಟು ಮಾತ್ರ ನೋಡು. ಮೊದಲು ಬ್ಯಾಟರಿ. ಅರೆಜೀವದ ಬ್ಯಾಟರಿಯಲ್ಲಿ ದೀಪ ಉರಿಯುತ್ತದೆ, ಸೀಟು ಹೋಗುವುದಿಲ್ಲ. ಆಮೇಲೆ ಫ್ಯೂಸು. ಆಮೇಲೆ ಸೀಟಿನ ಕೆಳಗಿನ ಕನೆಕ್ಟರು. ಅಲ್ಲಿ ಹಳದಿ ಬಣ್ಣದ್ದೊಂದು ಇರುತ್ತದೆ, ಅದು ಏರ್‌ಬ್ಯಾಗಿನದು. ಬ್ಯಾಟರಿ ಕಳಚಿ ಹತ್ತು ನಿಮಿಷ ಕಾಯದೆ ಅದಕ್ಕೆ ಕೈ ಹಾಕಬೇಡ. ಸೀಟನ್ನು ಮಾತ್ರ ಬಿಚ್ಚಬೇಡ.

ನನ್ನನ್ನು ಅಡುಗೆ ಮನೆಗೆ ಹಾಕಿದ್ದಾರೆ. ರುಬ್ಬುವ ಯಂತ್ರ ಕೆಟ್ಟಿತ್ತು, ಸರಿ ಮಾಡಿಕೊಟ್ಟೆ. ಸಾಹೇಬರು ಒಳ್ಳೆಯವರು. ಭೇಟಿಗೆಂದು ಪ್ರತಿ ತಿಂಗಳು ಬರಬೇಡ. ಜಾಲರಿಯ ಆಚೆ ನಿಂತು ನೀನು ಕೈ ಮುಗಿಯುವುದು ಚೆನ್ನಾಗಿರುವುದಿಲ್ಲ.

ಜಯಪ್ರಕಾಶ್


ಬಣಕಲ್
29-6-2025

ಅಪ್ಪ,

ಇದನ್ನು ಅಂಚೆಗೆ ಹಾಕುವುದಿಲ್ಲ. ಬರೆದು ಮೀಟರಿನ ಡಬ್ಬದ ಅಡಿಯಲ್ಲಿ ಇಡುತ್ತೇನೆ.

ಈವತ್ತು ಆ ಸೀಟಿನಲ್ಲಿ ಕೂತೆ. ಏನೂ ಆಗಲಿಲ್ಲ. ಜೋಮು ಹಿಡಿದ ಕಾಲನ್ನು ಚಿವುಟಿದ ಹಾಗಿತ್ತು, ಅಷ್ಟೇ. ಸ್ಟೀರಿಂಗ್ ದೂರದಲ್ಲಿತ್ತು. ಕಾಲು ಚಾಚಿದರೂ ಬ್ರೇಕಿಗೆ ಹೆಬ್ಬೆರಳು ತಾಗಲಿಲ್ಲ. ಆ ಸೀಟು ನಿಂತಿರುವುದು ನಿಮ್ಮ ಅಳತೆಗೆ.

ಆ ದಿನ ಕಾರು ಓಡಿಸುತ್ತಿದ್ದದ್ದು ನಾನು. ಇದನ್ನು ಒಂದು ಸಲವಾದರೂ ಕಾಗದದ ಮೇಲೆ ಬರೆಯಬೇಕಿತ್ತು. 2023ರ ನವೆಂಬರ್, ಬುಧವಾರ. ಸೀಟು ಸರಿಸುವ ರಾಡು ಸವೆದಿದೆ ಎಂದು ಪರಮೇಶ್ವರಪ್ಪನವರು ಕಾರು ಬಿಟ್ಟು ಹೋಗಿದ್ದರು. ರಾಡು ನೀವು ಬದಲಾಯಿಸಿದಿರಿ, ವೈರಿಂಗ್ ನಾನು ಮಾಡಿದೆ. ಟ್ರಯಲ್ಲಿಗೆ ಜಾವಳಿ ರಸ್ತೆ ಹಿಡಿಯುವಾಗ "ನೀನೇ ಓಡ್ಸು, ಕೈ ಕೂರತ್ತೆ" ಎಂದಿರಿ. ನನಗೆ ಹತ್ತೊಂಬತ್ತು, ಇದ್ದದ್ದು ಕಲಿಯುವವರ ಲೈಸೆನ್ಸು. ಸ್ವಿಚ್ ಒತ್ತಿ ಸೀಟನ್ನು ಪೂರ್ತಿ ಮುಂದೆ ತಂದುಕೊಂಡು ಹೊರಟೆ. ಏರಿನ ತಿರುವಿನಲ್ಲಿ ಕಾಲಿಗೆ ಬ್ರೇಕ್ ಸಿಗಲಿಲ್ಲ. ನೆನಪಿರುವುದು ಅದೊಂದೇ. ಆಮೇಲೆ ಕಾರಿನ ಮೂತಿ ರಸ್ತೆ ಬದಿಯ ಮಣ್ಣಿನ ಗೋಡೆಯಂಥ ಬರೆ ಹತ್ತಿ ನಿಂತಿತ್ತು. ಕಾರಿಗೂ ಬರೆಯ ಮಣ್ಣಿಗೂ ನಡುವೆ ಭಾಗಮ್ಮ ಎಂಬ ಹೆಂಗಸು ಇದ್ದರು. ಎಸ್ಟೇಟಿನ ಆಳು, ಬೆಳ್ಳಿಯಪ್ಪನವರ ಹೆಂಡತಿ ಎಂಬುದೆಲ್ಲ ನನಗೆ ಗೊತ್ತಾದದ್ದು ಮಾರನೆಯ ದಿನ.

ನೀವು ನನ್ನನ್ನು ಎಳೆದು ಇಳಿಸಿ, ಆ ಸೀಟಿನಲ್ಲಿ ನೀವು ಕೂತಿರಿ. ಜನ ಸೇರುವ ಹೊತ್ತಿಗೆ ಸೀಟು ನಿಮ್ಮ ಕಾಲಿನ ಅಳತೆಗೆ ಹಿಂದೆ ಹೋಗಿತ್ತು. ಆ ಗಾಬರಿಯಲ್ಲೂ ಸ್ವಿಚ್ ಒತ್ತಿ ಸೀಟು ಸರಿಸಬೇಕೆಂದು ಅಪ್ಪನಿಗೆ ಹೊಳೆಯಿತಲ್ಲ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಕೋರ್ಟಿನಲ್ಲೂ ನೀವೇ ಒಪ್ಪಿಕೊಂಡಿರಿ. ಒಂದು ವರ್ಷ ಶಿಕ್ಷೆಯಾಯಿತು.

ಅಮ್ಮ ನಿಮ್ಮ ಫೋಟೋವನ್ನು ದೇವರ ಗೂಡಿನಲ್ಲಿಟ್ಟಿದ್ದಾರೆ. ಬದುಕಿರುವವರ ಫೋಟೋ ಅಲ್ಲಿಡಬಾರದು ಎಂದರೂ ಕೇಳಲಿಲ್ಲ. ನಾನೂ ಕೈ ಮುಗಿಯುತ್ತೇನೆ. ನಾನು ಒಬ್ಬರನ್ನು ಕೊಂದೆ, ಅಪ್ಪ ಅದನ್ನು ಹೊತ್ತರು. ದಿನಾ ಎದ್ದ ಕೂಡಲೇ ಇದನ್ನೊಂದು ಸಲ ಹೇಳಿಕೊಳ್ಳುತ್ತೇನೆ, ಆಮೇಲೆ ಹಲ್ಲುಜ್ಜುತ್ತೇನೆ. ಆವತ್ತಿನಿಂದ ಯಾವ ಗಾಡಿಯನ್ನೂ ಓಡಿಸಿಲ್ಲ. ರಿಪೇರಿಯಾದ ಗಾಡಿಗಳನ್ನು ಶೆಡ್ಡಿನಿಂದ ತಳ್ಳಿಯೇ ಹೊರಗೆ ನಿಲ್ಲಿಸುತ್ತೇನೆ.

ಧನ್ಯಶ್ರೀ


ಬಣಕಲ್
14-7-2025

ಅಪ್ಪನಿಗೆ ನಮಸ್ಕಾರಗಳು.

ನೀವು ಹೇಳಿದ ಕ್ರಮದಲ್ಲೇ ಹೋದೆ. ಬ್ಯಾಟರಿ ಹೊಸದು, ದೋಷವಿಲ್ಲ. ಫ್ಯೂಸು ಸುಟ್ಟಿತ್ತು, ಬದಲಾಯಿಸಿದೆ. ಹತ್ತು ನಿಮಿಷ ಕಾದು, ಹಳದಿಯದನ್ನು ಬದಿಗಿಟ್ಟು ಉಳಿದ ಕನೆಕ್ಟರ್ ತೆಗೆದೆ. ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿತ್ತು, ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿದೆ.

ಈಗ ಸೀಟಿಗೆ ಜೀವ ಬಂದಿದೆ. ಮೇಲೆ ಕೆಳಗೆ ಆಗುತ್ತದೆ, ಬೆನ್ನು ಒರಗುತ್ತದೆ. ಮುಂದೆ ಹಿಂದೆ ಮಾತ್ರ ಇಲ್ಲ. ಸ್ವಿಚ್ ಒತ್ತಿದರೆ ಆ ಮೋಟರೂ ಕುಯ್ಯೆಂದು ತಿರುಗುತ್ತದೆ, ಮೀಟರಿನಲ್ಲಿ ಹನ್ನೆರಡು ವೋಲ್ಟು ತೋರಿಸುತ್ತದೆ. ಸೀಟು ಮಾತ್ರ ಕೂತಲ್ಲೇ ಕೂತಿದೆ. ಮೋಟರು ತಿರುಗಿದರೂ ಸೀಟು ಹೋಗದಿದ್ದರೆ ನಡುವೆ ಏನೋ ಕಳಚಿದೆ ಎಂದು ತಾನೆ ಅರ್ಥ? ಬಿಚ್ಚಿ ನೋಡದೆ ಬೇರೆ ದಾರಿ ಕಾಣುತ್ತಿಲ್ಲ. ಬಿಚ್ಚಲೇ?

ಧನ್ಯಶ್ರೀ


ಚಿಕ್ಕಮಗಳೂರು
22-7-2025

ಧನ್ಯಶ್ರೀ,

ಬಿಚ್ಚಬೇಡ ಎಂದು ಹೇಳಿದ್ದೆ. ಅದು ತುಕ್ಕು, ಮತ್ತೇನಲ್ಲ. ಡೀಸೆಲ್ ಬಿಟ್ಟು ಒಂದು ರಾತ್ರಿ ನೆನೆಯಲು ಬಿಡು. ಸೀಟನ್ನು ಮುಂದಕ್ಕೆ ಎಳೆದು ಪರಮೇಶ್ವರಪ್ಪನವರ ಅಳತೆಗೆ ನಿಲ್ಲಿಸಿ, ಎರಡೂ ಕಡೆ ವೆಲ್ಡಿಂಗ್ ಹಾಕಿಸಿ ಕೊಟ್ಟುಬಿಡು. ಓಡಿಸುವವರು ಅವರೊಬ್ಬರೇ, ಸೀಟು ಆಡಬೇಕೆಂದೇನಿಲ್ಲ. ಈ ವಿಷಯ ಮತ್ತೆ ಬರೆಯಬೇಡ.

ಜಯಪ್ರಕಾಶ್


ಬಣಕಲ್
9-8-2025

ಅಪ್ಪನಿಗೆ,

ಬಿಚ್ಚಿದೆ. ನಿಮ್ಮ ಮಾತು ಮೀರಿದ್ದು ಇದೇ ಮೊದಲು.

ವೆಲ್ಡಿಂಗ್ ಹಾಕಿಸು ಎಂದು ನೀವು ಬರೆದದ್ದನ್ನು ಮೂರು ಸಲ ಓದಿದೆ. ಆಡಬೇಕಾದ ವಸ್ತು ಆಡಲೇಬೇಕು ಎಂದು ಗಿರಾಕಿಗಳ ಹತ್ತಿರ ಜಗಳ ಕಾಯುತ್ತಿದ್ದವರು ನೀವು. ಅಕ್ಷರ ನಿಮ್ಮದೇ, ಮಾತು ನಿಮ್ಮದಲ್ಲ ಅನ್ನಿಸಿತು.

ಸೀಟಿನ ಕೆಳಗೆ ಒಂದು ಪೆನ್ನು, ಮುದ್ದೆಯಾದ ಬಸ್ ಟಿಕೆಟ್ಟು, ಒಂದು ಬೋಲ್ಟು ಸಿಕ್ಕಿದವು. ಮೋಟರಿನ ರಾಡನ್ನು ಸೀಟಿಗೆ ಹಿಡಿದಿಡುವ ಬೋಲ್ಟು ಅದು. ಮೇಲೆ ತುಕ್ಕಿದೆ, ಉಜ್ಜಿ ನೋಡಿದರೆ ಥ್ರೆಡ್ಡಿನ ಒಂದು ಎಳೆಯೂ ಹಾಳಾಗಿಲ್ಲ. ಢಿಕ್ಕಿಗೆ ಕಿತ್ತಿದ್ದರೆ ಕತ್ತರಿಸಿ ಹೋಗಬೇಕಿತ್ತು. ಇದು ಕುಲುಕಾಟಕ್ಕೆ ತಿರುಗಿ ತಿರುಗಿ ತಾನಾಗಿ ಹೊರಬಿದ್ದದ್ದು. ಪಾನಾ ಹಾಕಿ ಬಿಗಿದ ಬೋಲ್ಟು ಹಾಗೆ ಬೀಳುವುದಿಲ್ಲ.

ಮೊದಲು ಕೈಬಿಗಿ, ಟ್ರಯಲ್ ಆದ ಮೇಲೆ ಪಾನಾಬಿಗಿ. ನಮ್ಮ ಶೆಡ್ಡಿನ ಪದ್ಧತಿ. ಎಸ್ಟೇಟ್ ರಸ್ತೆಯಲ್ಲಿ ಒಂದು ಸುತ್ತು ಕುಲುಕಿದರೆ ಎಲ್ಲವೂ ತಮ್ಮ ತಮ್ಮ ಜಾಗದಲ್ಲಿ ಕೂರುತ್ತವೆ, ಆಮೇಲೆ ಬಿಗಿದರೆ ಜನ್ಮಕ್ಕೆ ಸಡಿಲವಾಗುವುದಿಲ್ಲ ಎಂದು ಕಲಿಸಿದವರು ನೀವು. ಬಾಗಿಲಿಗೆ, ಬಂಪರಿಗೆ ಅದು ಸರಿಯಿರಬಹುದು. ಜನ ಕೂರುವ ಸೀಟಿಗೆ?

ಈ ರಾಡು ಕಳಚಿದ ಮೇಲೆ ಸ್ವಿಚ್ ಒತ್ತಿ ಸೀಟು ಸರಿಸಲು ಯಾರಿಂದಲೂ ಆಗುವುದಿಲ್ಲ. ಮೋಟರು ಸುಮ್ಮನೆ ತಿರುಗುತ್ತದೆ. ಆದರೆ ಏರು ಹತ್ತುವಾಗ ಸೀಟು ಕೂತವರ ಸಮೇತ ತಾನಾಗಿಯೇ ಹಿಂದಕ್ಕೆ ಜಾರುತ್ತದೆ. ನಂತರ ಠಾಣೆಯ ಮಳೆಯಲ್ಲಿ ತುಕ್ಕು ಹಿಡಿದು ಅಲ್ಲೇ ಕಚ್ಚಿಕೊಂಡಿದೆ.

ಕೇಳುವುದು ಒಂದೇ. ಈ ಬೋಲ್ಟಿನ ವಿಷಯ ನಿಮಗೆ ಗೊತ್ತಿತ್ತೇ?

ಧನ್ಯಶ್ರೀ


ಬಣಕಲ್
31-8-2025

ಅಪ್ಪನಿಗೆ,

ಉತ್ತರ ಬರಲಿಲ್ಲ. ನಿನ್ನೆ ಭೇಟಿಗೆ ಬಂದಿದ್ದೆ. ಮೈ ಹುಷಾರಿಲ್ಲ, ಹೊರಗೆ ಬರಲ್ಲ ಅಂತಾರೆ ಎಂದು ಬಾಗಿಲಿನವರು ಹೇಳಿದರು. ತಂದಿದ್ದ ಬಾಳೆಹಣ್ಣನ್ನು ಅವರ ಕೈಗೆ ಕೊಟ್ಟೆ. ಬಸ್ ಸ್ಟ್ಯಾಂಡಿನಲ್ಲಿ ಎರಡು ಗಂಟೆ ಕೂತಿದ್ದೆ. ಬೋಲ್ಟು ನನ್ನ ಬ್ಯಾಗಿನಲ್ಲೇ ಇತ್ತು.

ಧನ್ಯಶ್ರೀ


ಚಿಕ್ಕಮಗಳೂರು
17-9-2025

ಧನ್ಯಶ್ರೀ,

ಈ ಕಾಗದ ಅಂಚೆಯಲ್ಲಿ ಬರುತ್ತಿಲ್ಲ. ಕಳಸದ ಯೋಗೇಶ್ ಎಂಬುವನು ನನ್ನ ಜೊತೆ ಅಡುಗೆ ಮನೆಯಲ್ಲಿದ್ದ. ನಾಳೆ ಅವನಿಗೆ ಬಿಡುಗಡೆ. ಊರಿಗೆ ಹೋಗುವಾಗ ಬಣಕಲ್ಲಿನಲ್ಲಿ ಇಳಿದು ನಿನಗೆ ಕೊಡುತ್ತಾನೆ. ಅವನಿಗೆ ಊಟ ಹಾಕಿ ಕಳಿಸು.

ಗೊತ್ತಿತ್ತು.

ನಿನ್ನನ್ನು ಇಳಿಸಿ ನಾನು ಆ ಸೀಟಿನಲ್ಲಿ ಕೂತೆನಲ್ಲ, ಕೂತ ಕೂಡಲೇ ಗೊತ್ತಾಯಿತು. ನಾನು ಸ್ವಿಚ್ ಮುಟ್ಟಲೇ ಇಲ್ಲ. ಸೀಟು ಆಗಲೇ ಹಿಂದೆ ಹೋಗಿತ್ತು, ನನ್ನ ಕೆಳಗೆ ಹಲ್ಲು ಸಡಿಲವಾದ ಹಾಗೆ ಆಡುತ್ತಿತ್ತು. ನಾನು ಕೈಬಿಗಿ ಮಾಡಿ ಬಿಟ್ಟ ಬೋಲ್ಟು ಬಿದ್ದಿದೆ, ಸೀಟು ಜಾರಿದೆ, ಅದಕ್ಕೇ ನಿನ್ನ ಕಾಲಿಗೆ ಬ್ರೇಕ್ ಸಿಕ್ಕಿಲ್ಲ ಎಂಬುದೆಲ್ಲ ಒಂದೇ ಗಳಿಗೆಯಲ್ಲಿ ತಿಳಿಯಿತು. ನೀನು ರಸ್ತೆಯಲ್ಲಿ ಕುಕ್ಕರುಗಾಲಲ್ಲಿ ಕೂತು ನನ್ನಿಂದಾಯ್ತು, ನನ್ನಿಂದಾಯ್ತು ಎನ್ನುತ್ತಿದ್ದೆ. ಅಲ್ಲ ಮಗಳೇ, ನನ್ನಿಂದ ಎನ್ನಬೇಕಿತ್ತು. ಹೇಳಲಿಲ್ಲ.

ಪೊಲೀಸರಿಗೆ ಓಡಿಸಿದ್ದು ನಾನು ಎಂದೆ. ಅದು ನಿನ್ನನ್ನು ಉಳಿಸಲೆಂದೇ ಹೇಳಿದ್ದು, ಅದರಲ್ಲಿ ಸುಳ್ಳಿಲ್ಲ. ಆದರೆ ಆ ಸಂಜೆ ಮನೆಯಲ್ಲಿ ನೀನು ನನ್ನ ಕಾಲು ಹಿಡಿದುಕೊಂಡು ಅತ್ತೆ. ನಿನ್ನಮ್ಮ ನನ್ನನ್ನು ದೇವರು ಎಂದಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ನಾನು ಆ ಮಾತು ಕೇಳಿದ್ದು ಅದೇ ಮೊದಲು. ನಾಳೆ ಹೇಳೋಣ ಎಂದುಕೊಂಡೆ. ನಾಳೆ ಎಂದದ್ದು ಕೋರ್ಟಿನ ತನಕ ಬಂತು, ಇಲ್ಲಿಯ ತನಕವೂ ಬಂತು. ಜೈಲು ನನಗೆ ಕಷ್ಟವಾಗಲಿಲ್ಲ. ಶಿಕ್ಷೆ ಸರಿಯಾದ ವಿಳಾಸಕ್ಕೇ ಬಂದಿದೆ ಎಂದು ಮೊದಲ ದಿನವೇ ನಿದ್ದೆ ಬಂತು. ನೀನು ಜಾಲರಿಯ ಆಚೆ ಕೈ ಮುಗಿದು ನಿಂತಾಗ ಮಾತ್ರ ತಡೆಯಲಾಗುತ್ತಿರಲಿಲ್ಲ.

ಬಿಚ್ಚಬೇಡ, ಬಿಚ್ಚಬೇಡ ಎಂದು ಬರೆದು ನಾನೇ ಸಿಕ್ಕಿಬಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಕಥೆ ನನ್ನದಾಯಿತು.

ಇನ್ನೊಂದಿದೆ. ಹೆಂಗಸು ದಿಢೀರನೆ ರಸ್ತೆಗೆ ಅಡ್ಡ ಬಂದಳು ಎಂದು ಹೇಳಿಕೆಯಲ್ಲಿ ಬರೆಸಿದೆ. ಹಾಗೆಂದರೆ ಶಿಕ್ಷೆ ಕಡಿಮೆಯಾಗುತ್ತದೆ ಎಂದು ಯಾರೋ ಹೇಳಿದ್ದರು. ಕಡಿಮೆಯೂ ಆಯಿತು. ಅವರು ಅಡ್ಡ ಬಂದಿರಲಿಲ್ಲ.

ನನ್ನನ್ನು ಕ್ಷಮಿಸು ಎಂದು ಬರೆಯಲು ಮುಖವಿಲ್ಲ. ನೀನು ಯಾರನ್ನೂ ಕೊಲ್ಲಲಿಲ್ಲ. ಅದನ್ನು ಒಂದು ಸಲ ಬರೆಯುತ್ತೇನೆ, ಇಟ್ಟುಕೋ.

ಅಪ್ಪ


ಬಣಕಲ್
5-10-2025

ಅಪ್ಪ,

ಯೋಗೇಶ್‌ಗೆ ಊಟ ಹಾಕಿದೆವು. ನಿಮ್ಮ ಅಡುಗೆಯಲ್ಲಿ ಉಪ್ಪು ಜಾಸ್ತಿ ಎಂದ. ಅವನು ಹೋದ ಮೇಲೆ ಕಾಗದವನ್ನು ಅಮ್ಮನಿಗೆ ಓದಿ ಹೇಳಿದೆ. ಅಮ್ಮ ದೇವರ ಗೂಡಿನಿಂದ ಫೋಟೋ ತೆಗೆದು ಬೀರುವಿನಲ್ಲಿಟ್ಟರು. ಬಿಸಾಡಲಿಲ್ಲ.

ಕಾರು ಹೋಯಿತು. ತುಕ್ಕು ಬಿಡಿಸಿ, ಹೊಸ ಬೋಲ್ಟು ಹಾಕಿ, ಮೊದಲೇ ಪಾನಾದಲ್ಲಿ ಬಿಗಿದು, ಟ್ರಯಲ್ಲಿಗೆ ನಾನೇ ಓಡಿಸಿದೆ. ಸೀಟು ಜಾರಲಿಲ್ಲ. ಖುಷಿಯೂ ಆಗಲಿಲ್ಲ.

ನಿಮ್ಮ ಮೇಲೆ ನನಗೆ ಕೋಪವಿದೆ. ಬೋಲ್ಟು ಬಿಗಿಯದೆ ಬಿಟ್ಟದ್ದಕ್ಕಲ್ಲ, ಅಂಥದ್ದು ಯಾವ ಶೆಡ್ಡಿನಲ್ಲೂ ಆಗಬಹುದು. ಒಂದೂವರೆ ವರ್ಷಕ್ಕೂ ಹೆಚ್ಚು ನಾನು ಕೊಲೆಗಾರ್ತಿ ಎಂದುಕೊಂಡೇ ಎದ್ದೆ, ಮಲಗಿದೆ. ಅದು ನಿಮಗೆ ಕಾಣುತ್ತಿತ್ತು. ಒಂದು ಮಾತಿನಲ್ಲಿ ತೆಗೆದುಬಿಡಬಹುದಿತ್ತು. ನೀವು ನನ್ನ ನಮಸ್ಕಾರ ಇಟ್ಟುಕೊಂಡಿರಿ. ಇದಕ್ಕೆ ಏನು ಮಾಡಬೇಕೆಂದು ನನಗಿನ್ನೂ ತಿಳಿದಿಲ್ಲ. ನಾನು ಯಾರನ್ನೂ ಕೊಲ್ಲಲಿಲ್ಲ ಎಂದು ಈಗ ದಿನಾ ಬೆಳಿಗ್ಗೆ ಹೇಳಿ ನೋಡುತ್ತಿದ್ದೇನೆ. ಅದೂ ಅಷ್ಟೇ, ಎಲ್ಲೂ ತಾಗುವುದಿಲ್ಲ.

ಈವತ್ತು ಬೆಳ್ಳಿಯಪ್ಪನವರ ಮನೆಗೆ ಹೋಗಿದ್ದೆ. ಜಾವಳಿಯ ಮೇಲಿನ ಎಸ್ಟೇಟಿನಲ್ಲಿ ಆಳುಗಳ ಸಾಲುಮನೆಗಳ ಲೈನು, ಅದರಲ್ಲಿ ಕೊನೆಯ ಮನೆ. ಜಗಲಿಯಲ್ಲಿ ಕೂತು ಕತ್ತಿ ಮಸೆಯುತ್ತಿದ್ದರು. ಯಾರೆಂದು ಹೇಳಿದೆ. "ಬಾ, ಕೂತ್ಕೋ" ಎಂದರು, ಮಸೆಯುವುದನ್ನು ನಿಲ್ಲಿಸಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದೆ. ಓಡಿಸಿದ್ದು ನಾನು, ಸೀಟು ಜಾರಿತು, ಬೋಲ್ಟು ಬಿಗಿಯದೆ ಬಿಟ್ಟದ್ದು ಅಪ್ಪ. ಅವರು ತಲೆ ಎತ್ತಲಿಲ್ಲ. ಕತ್ತಿಯ ಬಾಯಿಯನ್ನು ಹೆಬ್ಬೆರಳಲ್ಲಿ ನೋಡಿ ಮತ್ತೆ ಮಸೆದರು. ನೀರು ಹಾಕದ ಕಲ್ಲಿಗೆ ಹೇಳಿದ ಹಾಗಾಯಿತು. ಆಮೇಲೆ, ಭಾಗಮ್ಮ ಅಡ್ಡ ಬಂದಿರಲಿಲ್ಲ, ಅಪ್ಪ ಹಾಗೆ ಬರೆಸಿದ್ದೂ ಸುಳ್ಳು ಎಂದೆ.

ಕೈ ನಿಂತಿತು.

"ಕೋರ್ಟಲ್ಲಿ ಅಡ್ಡ ಬಂದ್ಲು ಅಂತ ಓದಿದ್ರಲ್ಲ?"

"ಸುಳ್ಳು. ಕಾರು ನೋಡಿ ದಾರಿ ಬಿಟ್ರು. ಬರೆಗೆ ಒರಗಿ ನಿಂತಿದ್ರು. ತಲೆ ಮೇಲಿನ ಸೊಪ್ಪಿನ ಹೊರೆ ಕಾರಿಗೆ ತಾಗ್ಬಾರ್ದು ಅಂತ ಒಂದು ಕೈಲಿ ಹಿಡ್ಕೊಂಡಿದ್ರು." ಇದು ನನಗೆ ನೆನಪಿದೆ ಎಂಬುದು ಹೇಳುವ ತನಕ ನನಗೇ ಗೊತ್ತಿರಲಿಲ್ಲ.

"ಸೈಡಲ್ಲೇ ನಿಂತಿದ್ಲಾ?"

"ಸೈಡಲ್ಲೇ."

ಅವರು ಕತ್ತಿ ಕೆಳಗಿಟ್ಟರು. "ಒಂದು ಕಿವಿ ಕೇಳ್ತಿರ್ಲಿಲ್ಲ ಅವ್ಳಿಗೆ. ಸೈಡಲ್ಲಿ ಹೋಗೇ, ಸೈಡಲ್ಲಿ ಹೋಗೇ ಅಂತ ದಿನಾ ಬೈತಿದ್ದೆ. ಸತ್ ಮೇಲೂ ಬೈದೆ. ತಿಥಿ ದಿನ ಎಡೆ ಮುಂದೆ ಕೂತ್ಕಂಡು, ನನ್ ಮಾತು ಒಂದಿನಾನಾದ್ರೂ ಕೇಳಿದ್ಯಾ ಅಂತ ಬೈದೆ" ಎಂದರು. ಆಮೇಲೆ ಒಳಗೆ ತಿರುಗಿ ಸೊಸೆಯನ್ನು ಕರೆದರು. "ಕುಸುಮಾ, ಇಲ್ ಬಾ. ಈ ಹುಡ್ಗಿ ಏನೋ ಹೇಳ್ತದೆ, ಕೇಳು." ನನ್ನ ಕಡೆ ನೋಡಿ, "ಇನ್ನೊಂದ್ಸಲ ಹೇಳವ್ವ" ಎಂದರು.

ಕುಸುಮಾ ಬಂದು ನಿಂತಳು. ಅವಳಿಗೆ ಹೇಳಿದೆ. ಅಷ್ಟರಲ್ಲಿ ಅವರು ಎದ್ದು ಲೈನಿನ ಉದ್ದಕ್ಕೂ ಹೋಗಿ ಒಂದೊಂದೇ ಬಾಗಿಲು ಬಡಿದು ಜನರನ್ನು ಕರೆತಂದರು. ಎಂಟು ಹತ್ತು ಮಂದಿ ಸೇರಿದರು. ಅವರ ಮುಂದೆ ಮತ್ತೆ ಹೇಳಿಸಿದರು. ನಾನು ಓಡಿಸಿದ್ದು, ಬೋಲ್ಟು, ಸೀಟು ಯಾವುದೂ ಅವರಿಗೆ ಬೇಕಿರಲಿಲ್ಲ. ನಾನು ಆ ಮಾತಿಗೆ ಬಂದ ಕೂಡಲೇ "ಅದಿರ್ಲಿ, ಅವ್ಳು ಎಲ್ಲಿ ನಿಂತಿದ್ಲು ಹೇಳು" ಎನ್ನುತ್ತಿದ್ದರು. ಮೂರನೆಯ ಸಲ ಹೇಳುವಾಗ ನನಗೆ ಅಳು ಬಂತು. ಇಷ್ಟು ದಿನ ಎಲ್ಲಿತ್ತೋ ಗೊತ್ತಿಲ್ಲ, ನಿಲ್ಲಲೇ ಇಲ್ಲ. ಯಾರೂ ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ.

ನಾಳೆ ಬೆಳಿಗ್ಗೆ ಹೊಸ ಹೇಳಿಕೆ ಬರೆಸಲು ಠಾಣೆಗೆ ಹೋಗುತ್ತಿದ್ದೇನೆ. ನನಗೂ ನಿಮಗೂ ಅವರು ಏನು ಮಾಡುತ್ತಾರೋ ಮಾಡಲಿ. ಬೆಳ್ಳಿಯಪ್ಪನವರು ತಾನೂ ಬರುತ್ತೇನೆ ಎಂದಿದ್ದಾರೆ. ನನಗೆ ಜೊತೆಯಾಗಲು ಅಲ್ಲ. ಅವರಿಗೆ ಓದು ಬರುವುದಿಲ್ಲ. ಭಾಗಮ್ಮ ಸೈಡಿನಲ್ಲೇ ನಿಂತಿದ್ದರು ಎಂಬ ಸಾಲು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲು ನಾನು ಬೇಕಂತೆ.

ಧನ್ಯಶ್ರೀ